ಮಣ್ಣಿನ ಜೀವಾಣು: ಅಕ್ಕಡಿ ಸಾಲಿನಿಂದ ಸಂಘದ ಗೋದಾಮಿನವರೆಗೆ

ಗುಬ್ಬಿ ಸೀಮೆಯ ರೈತನಿಗೆ ಮಣ್ಣಿನ ವಿಷಯ ಹೇಳಹೊರಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ, ನಮ್ಮ ಗೋದಾಮಿನಲ್ಲಿ ಯೂರಿಯಾ ಚೀಲಗಳ ಪಕ್ಕ ಮೂಲೆಗೆ ಬಿದ್ದಿರುತ್ತಿದ್ದ ಜೀವಾಣು ಗೊಬ್ಬರದ ಪೊಟ್ಟಣಗಳು ನೆನಪಿಗೆ ಬಂದವು. ಅವುಗಳ ಚರಿತ್ರೆಯನ್ನು ತಿಳಿದ ಮಟ್ಟಿಗೆ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟವರಲ್ಲ. ಅವರೆ, ತೊಗರಿ, ಅಲಸಂದೆ ಹಾಕಿದರೆ ಮನೆಗೆ ಕಾಳಾಯಿತು, ದನಕ್ಕೆ ಹೊಟ್ಟಾಯಿತು, ನೆಲಕ್ಕೂ ಕಸುವು ಬಂತು. ಆ ಕಸುವಿನ ಗುಟ್ಟು ಬೇರಿನಲ್ಲಿದೆ. ಅವರೆ ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಕಿತ್ತು ನೋಡಿ, ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಸೀಳಿದಾಗ ಒಳಗೆ ಕೆಂಪಗಿದ್ದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದರ್ಥ. ಅಲ್ಲಿರುವ ರೈಜೋಬಿಯಂ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಅಂಶ ಕೊಡುತ್ತದೆ. ಇದೂ ಒಂದು ಸಹಕಾರವೇ ಅಲ್ಲವೇ? 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ ಈ ಜೀವಾಣುವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ನಮ್ಮ ಸೀಮೆಯಲ್ಲಿ ಮಣ್ಣಿನ ಶಾಸ್ತ್ರೀಯ ಅಧ್ಯಯನಕ್ಕೆ ಹೆಬ್ಬಾಳವೇ ತವರು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಲ್ಲಿ 30 ಎಕರೆ ಜಮೀನು ಕೊಟ್ಟರು. ಜರ್ಮನಿಯ ಲೆಹ್ಮನ್ ಅಲ್ಲಿ ಮಣ್ಣು-ಬೆಳೆಗಳ ಪ್ರಯೋಗ ಆರಂಭಿಸಿದರು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಬಂತು. ಅಲ್ಲಿನ ಪ್ರೊ. ಡಿ. ಜೆ. ಭಾಗ್ಯರಾಜ್ ಅವರು ಮೈಕೊರೈಜಾ ಎಂಬ ಬೇರು ಶಿಲೀಂಧ್ರದ ಮೇಲೆ ದಶಕಗಳ ಕಾಲ ದುಡಿದರು. ನಮ್ಮ ಕೆಂಪು ಮಣ್ಣಿನಲ್ಲಿ ಹಾಕಿದ ರಂಜಕ ಬಹುಪಾಲು ಕಬ್ಬಿಣದ ಅಂಶಕ್ಕೆ ಅಂಟಿಕೊಂಡು ಕೂರುತ್ತದೆ. ಬೇರು ತಲುಪದ ಕಡೆಗೆ ಈ ಶಿಲೀಂಧ್ರದ ಎಳೆಗಳು ಹೋಗಿ ರಂಜಕ ತಂದುಕೊಡುತ್ತವೆ.

ಕೇಂದ್ರ ಸರ್ಕಾರ 1983ರಲ್ಲಿ ಜೈವಿಕ ಗೊಬ್ಬರದ ರಾಷ್ಟ್ರೀಯ ಯೋಜನೆ ಹಾಕಿಕೊಂಡಿತು. 2006ರಲ್ಲಿ ಇವು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದವು. ರೈಜೋಬಿಯಂ ಪುಡಿಯಾದರೆ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ಕಟ್ಟಳೆಯಾಯಿತು. 2021ರಲ್ಲಿ ಬೆಳೆಯ ಚಟುವಟಿಕೆಗೆ ಚುರುಕು ಕೊಡುವ ಜೈವಿಕ ಉತ್ತೇಜಕಗಳಿಗೂ ಇದೇ ಆದೇಶ ಅನ್ವಯವಾಯಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹಲವು ಜೀವಾಣುಗಳನ್ನು ಕೂಡಿಸಿ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಮಾಡಿದೆ. ಅದೇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯ ಹಿರೇಹಳ್ಳಿಯಲ್ಲೇ ಇದೆ.

ಇನ್ನು ನಮ್ಮ ಕಥೆ. ಒಂದು ವರ್ಷ ತಗಡಿನ ಸೂರಿನಡಿ ಇಡೀ ಬೇಸಿಗೆ ಕಳೆದ ಪೊಟ್ಟಣ ತಂದು ತೊಗರಿ ಬೀಜಕ್ಕೆ ಹಚ್ಚಿದೆ. ಬೆಳೆಯಲ್ಲಿ ಯಾವ ಫರಕೂ ಕಾಣಲಿಲ್ಲ. "ಇದೆಲ್ಲಾ ಬರೀ ಇದ್ದಿಲ ಪುಡಿ ಕಣಣ್ಣ" ಎಂದು ಪಕ್ಕದ ಹೊಲದವನು ನಕ್ಕ. ನಾನೂ ಹೌದೆಂದೆ. ಆಮೇಲೆ ತಿಳಿಯಿತು, ತಪ್ಪು ಪುಡಿಯದಲ್ಲ, ನಮ್ಮದು. ಯೂರಿಯಾ ಚೀಲ ಬಿಸಿಲಿಗೆ ಸಾಯುವುದಿಲ್ಲ, ಜೀವಾಣು ಸಾಯುತ್ತದೆ. ಸತ್ತದ್ದನ್ನು ಬಿತ್ತಿ ಫಲ ಕೇಳಿದರೆ ಹೇಗೆ?

ಆದ್ದರಿಂದ ಸಂಘಕ್ಕೆ ನನ್ನ ಅರಿಕೆ ಇಷ್ಟೆ. ಬಿತ್ತನೆಗೆ ಮುಂಚೆ ಸದಸ್ಯರಿಂದ ಬೇಡಿಕೆ ಪಟ್ಟಿ ಪಡೆದು, ಬೇಕಾದಷ್ಟೇ ತರಿಸಲಿ. ತಂಪಾದ ಕೋಣೆಯೊಂದನ್ನು ಇದಕ್ಕೆ ಬಿಡಲಿ. ಕೊಡುವಾಗ ಅವಧಿ ಮುಗಿಯುವ ದಿನಾಂಕ ಓದಿ ಹೇಳಲಿ. ರೈತರು ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಲಿ. ಕಡಲೆಯ ರೈಜೋಬಿಯಂ ತೊಗರಿಗೆ ಆಗದು, ಬೆಳೆಯ ಹೆಸರು ನೋಡಿಕೊಳ್ಳಲಿ. ಇದೇನೂ ಮಂತ್ರದ ಪುಡಿಯಲ್ಲ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಇಲ್ಲದ ಬರಡು ನೆಲದಲ್ಲಿ ಎಂಥ ಜೀವಾಣುವೂ ಹಸಿವಿನಿಂದ ಸಾಯುತ್ತದೆ.

ಇಪ್ಪತ್ತೈದು ವರ್ಷ ಸಂಘ ನಮಗೆ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ. ನಾವು ಮಾತ್ರ ಮಣ್ಣಿನಿಂದ ಪಡೆದ ಸಾಲವನ್ನು ಸರಿಯಾಗಿ ತೀರಿಸಿಲ್ಲ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಆ ಬಾಕಿಯೂ ತೀರಲಿ ಎಂದು ಹಾರೈಸುತ್ತೇನೆ.