ದಿವಾಳಿ ಎದ್ದವರು

ಧಾರವಾಡ, ಗದಗ, ವಿಜಯಪುರದ ಕಡೆಯ ಹಳೆಯ ಒಕ್ಕಲು ಮನೆತನಗಳ ಕತೆ ಕೇಳುತ್ತ ಹೋದರೆ ಎಲ್ಲೋ ಒಂದು ಕಡೆ ಈ ಮಾತು ಬರುತ್ತದೆ: "ನಮ್ಮ ಮುತ್ಯಾನ ಅಪ್ಪನ ಕಾಲಕ್ಕ ಮನಿ ದಿವಾಳಿ ಎದ್ದುಹೋತು." ಹೇಳುವವರ ದನಿ ಅಲ್ಲಿ ತಗ್ಗುತ್ತದೆ. ಬಹಳ ಕೇಳಿದರೆ, ಆತನಿಗೆ ಜೂಜಿನ ಚಟವಿತ್ತು, ಮಗಳ ಮದುವೆಗೆ ಕೈಮೀರಿ ಖರ್ಚು ಮಾಡಿದ, ಸಾವುಕಾರನನ್ನು ನಂಬಿ ಕೆಟ್ಟ ಎಂದು ಒಂದು ಕಾರಣ ಸೇರಿಸುತ್ತಾರೆ. ಯಾವ ಇಸವಿ ಎಂದು ಯಾರೂ ಹೇಳುವುದಿಲ್ಲ. ನನಗೆ ಬೇಕಾದದ್ದು ಆ ಇಸವಿ.

ದಿವಾಳಿ ಪೇಟೆಯಲ್ಲಿ ಹುಟ್ಟಿದ ಶಬ್ದ. ಮರಾಠಿಯ ದಿವಾಳೆ, ಹಿಂದಿಯ ದಿವಾಲಾ ಇದರ ದಾಯಾದಿಗಳು. ಸಾಲ ತೀರಿಸಲಾಗದ ವ್ಯಾಪಾರಿ ಹಾಡಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಊರಿಗೆ ಸಾರುತ್ತಿದ್ದ, ಶಬ್ದ ಬಂದದ್ದು ಆ ದೀಪದಿಂದಲೇ ಎಂಬ ವಿವರಣೆ ಪ್ರಚಾರದಲ್ಲಿದೆ. ವ್ಯುತ್ಪತ್ತಿ ಏನೇ ಇರಲಿ, ವ್ಯಾಪಾರಿ "ದಿವಾಳಿ ತೆಗೆಯುತ್ತಾನೆ". ಅದು ಅವನೇ ಮಾಡುವ ಕೆಲಸ. ಇದ್ದದ್ದನ್ನು ಸಾಲ ಕೊಟ್ಟವರ ಮುಂದಿಟ್ಟು ಕೈತೊಳೆದುಕೊಳ್ಳುವ ದಾರಿ. ಒಕ್ಕಲಿಗನ ಮನೆಯ ಮಾತಿಗೆ ಬರುವಾಗ ಕ್ರಿಯಾಪದ ಹೆಚ್ಚಾಗಿ ಬದಲಾಗುತ್ತದೆ: ದಿವಾಳಿ ಎದ್ದ, ಎದ್ದುಹೋದ. ಗುಳೆ ಎದ್ದರು ಎನ್ನುವಾಗಲೂ ಇದೇ ಕ್ರಿಯಾಪದ. ನೆಲ ಕಳೆದುಕೊಂಡವನಿಗೆ ಎರಡೂ ಒಂದೇ ಆಗಿತ್ತು ಎಂಬುದು ಭಾಷೆಗೆ ಗೊತ್ತಿತ್ತು.

ಕಾನೂನಿಗೂ ಈ ಭೇದ ಗೊತ್ತಿತ್ತು. 1848ರ ದಿವಾಳಿ ಕಾನೂನು ಮುಂಬೈ, ಕಲ್ಕತ್ತ, ಮದ್ರಾಸು ಪಟ್ಟಣಗಳಿಗೆ ಮಾತ್ರ ಪ್ರತ್ಯೇಕ ನ್ಯಾಯಾಲಯ ಕೊಟ್ಟಿತು. ಇದರ ಫಲ ಹತ್ತಿಯ ಬೆಲೆ ಏರಿಳಿದಾಗ ಕಂಡಿತು. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರ ನಡುವೆ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಅರಳೆ ಬರುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಬೆಲೆ ನೋಡಿ ಸಾವುಕಾರರು ಕೈಬಿಚ್ಚಿ ಸಾಲ ಕೊಟ್ಟರು, ರೈತರು ತೆಗೆದುಕೊಂಡರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಹತ್ತಿಯ ಹಣದ ಮೇಲೆ ಆಡಿದ್ದ ಮುಂಬೈಯ ಷೇರು ವ್ಯಾಪಾರಿಗಳು ಮುಳುಗಿದಾಗ ಅವರ ಮುಂದೆ ದಿವಾಳಿ ನ್ಯಾಯಾಲಯದ ಬಾಗಿಲಿತ್ತು. ಅದೇ ಹತ್ತಿ ಬೆಳೆದ ಗದಗ, ರೋಣ, ನವಲಗುಂದದ ರೈತನಿಗೆ ಅಂಥ ಬಾಗಿಲು ಇರಲಿಲ್ಲ. ಅವನ ಪಾಲಿಗೆ ಇದ್ದದ್ದು ಡಿಕ್ರಿ, ಜಪ್ತಿ, ಹರಾಜು ಮತ್ತು ಸಾಲಗಾರರ ಜೈಲು.

ಸಾಲ ಬೆಳೆದ ಬಗೆಯನ್ನೂ ನೋಡಬೇಕು. ಬಡ್ಡಿ ಒಟ್ಟಿಗೆ ಅಸಲನ್ನು ಮೀರಕೂಡದು ಎಂಬ ದಾಮದುಪ್ಪಟ್ಟಿನ ಕಟ್ಟು ನಮ್ಮಲ್ಲಿ ಹಳೆಯದು. ಸರಕಾರ 1855ರಲ್ಲಿ ಬಡ್ಡಿಯ ದರಕ್ಕಿದ್ದ ಮಿತಿಯನ್ನು ತೆಗೆದುಹಾಕಿತು. 1859ರ ಕಾಲಮಿತಿ ಕಾನೂನು, ಸಾದಾ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬೇಕು ಎಂದಿತು. ಇದು ಸಾಲ ಮಾಡಿದವನಿಗೆ ಅನುಕೂಲವೆಂದು ಮಾಡಿದ ಕಾನೂನು. ಆದದ್ದು ಬೇರೆ. ಅವಧಿ ಮುಗಿಯುವ ಮುಂಚೆ ಸಾವುಕಾರ ಬಂದು ಹಳೆಯ ಪತ್ರ ಹರಿದು, ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ನೂರು ರೂಪಾಯಿ ಸಾಲ ಮೂರು ವರ್ಷಕ್ಕೆ 172 ಆಯಿತು, ಆರಕ್ಕೆ ಸುಮಾರು 296, ಒಂಬತ್ತಕ್ಕೆ ಸುಮಾರು 509. ದಾಮದುಪ್ಪಟ್ಟು ನಿಜಕ್ಕೂ ತಡೆದಿದ್ದರೆ ಇನ್ನೂರಕ್ಕೆ ನಿಲ್ಲಬೇಕಿದ್ದ ಲೆಕ್ಕ! ಪ್ರತಿ ಪತ್ರದಲ್ಲೂ ಬಡ್ಡಿಯೇ ಅಸಲಾಗಿ ಕೂತಿದ್ದರಿಂದ ಆ ಕಟ್ಟು ಕಾಗದದ ಮೇಲೆ ಎಂದೂ ಮುರಿಯಲೇ ಇಲ್ಲ. ಅಕ್ಷರ ಬಾರದ ರೈತ ನಿಶಾನಿ ಹಾಕಿದ, ಅಷ್ಟೆ. ಇದರಲ್ಲಿ ಜೂಜು ಎಲ್ಲಿದೆ?

ಈ ಸಾಲ ಅವನೊಬ್ಬನಿಗೇ ಮುಗಿಯುತ್ತಿರಲಿಲ್ಲ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದು ಶಾಸ್ತ್ರ ಹೇಳಿತ್ತು, ಬ್ರಿಟಿಷರ ಕೋರ್ಟುಗಳು ಅದನ್ನು ಜಾರಿ ಮಾಡಿದವು. ವಾರಸುದಾರ ತನಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ ಎಂದು, ನಮ್ಮ ಸೀಮೆಯೂ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ 1866ರಲ್ಲಿ ಕಾಯ್ದೆ ಬಂತು. ಆದರೆ ಬಂದ ಆಸ್ತಿಯೆಂದರೆ ಹೊಲ ತಾನೆ? ಹೊಲ ಹೋದ ಮೇಲೆ ಉಳಿದ ಹೊಣೆ ಎಷ್ಟಾದರೇನು. ತಂದೆಯ ಸಾಲದ ಈ ಧರ್ಮಹೊಣೆಯನ್ನು ಕಾನೂನು ಕೈಬಿಟ್ಟದ್ದು 2005ರಲ್ಲಿ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವುಕಾರರ ಮನೆಗಳ ಮೇಲೆ ಬಿದ್ದರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಅವರು ಹುಡುಕಿದ್ದು ಮುಖ್ಯವಾಗಿ ಸಾಲಪತ್ರಗಳನ್ನು, ಸಿಕ್ಕವನ್ನು ಸುಟ್ಟರು. ವಿಚಾರಣಾ ಆಯೋಗ ಕೂತು, 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಸಾಲದ ಹುಟ್ಟಿನವರೆಗೂ ಹೋಗಿ ಲೆಕ್ಕ ಕೆದಕುವ ಅಧಿಕಾರ ಕೋರ್ಟಿಗೆ ಸಿಕ್ಕಿತು. ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಐವತ್ತು ರೂಪಾಯಿ ಸಾಲವಿದ್ದ ರೈತನೂ ತನ್ನನ್ನು ದಿವಾಳಿ ಎಂದು ಘೋಷಿಸಿ ಎಂದು ಅರ್ಜಿ ಹಾಕಬಹುದಾಯಿತು. ಶಬ್ದ ಕೊನೆಗೂ ಅವನಿಗೆ ಹಕ್ಕಾಗಿ ಬಂತು.

ಆದರೆ ಕಾಯ್ದೆಯ ಮುಖ್ಯ ಭಾಗ ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಮಾತ್ರ. ಭೀಮೆಯ ಆಚೆ ದಂಡೆಯ ಸೊಲ್ಲಾಪುರದ ಕನ್ನಡ ರೈತನಿಗೆ ಸಿಕ್ಕ ರಕ್ಷಣೆ, ಈಚೆ ದಂಡೆಯಲ್ಲಿ ಆಗ ಕಲಾದಗಿ ಜಿಲ್ಲೆಯೆನಿಸಿದ್ದ ವಿಜಯಪುರದ ರೈತನಿಗೆ ಸಿಗಲಿಲ್ಲ. ಅದೂ ಯಾವಾಗ? 1876ರಿಂದ 1878ರವರೆಗಿನ ಧಾತು-ಈಶ್ವರ ಬರ ಕಳೆದ ಮರುವರ್ಷ. ಆ ಬರ ಎಷ್ಟು ಘೋರವೆಂದರೆ, ನೆರೆಯ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ನಮ್ಮ ಹಳ್ಳಿಗಳ ರೈತರಿಗೆ ನೆರವು ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ ಅವರನ್ನು ಹೊರಗಿಟ್ಟದ್ದು ಅನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಹಳೆಮೈಸೂರಿನ ಕಡೆ ದಿವಾಳಿಗೆ ಇನ್ನೊಂದು ಮಾತಿದೆ: ಪಾಪರ್ ಚೀಟಿ. ಕೋರ್ಟಿನ ಇಂಗ್ಲಿಷಿನಲ್ಲಿ ಪಾಪರ್ ಎಂಬ ಶಬ್ದ ಕೋರ್ಟು ಶುಲ್ಕ ಕಟ್ಟಲಾಗದ ಬಡವನಿಗೆ ಸಲ್ಲುತ್ತಿತ್ತು. 1976ರ ತಿದ್ದುಪಡಿಯಲ್ಲಿ ನಮ್ಮ ಸಿವಿಲ್ ಕಾನೂನು ಅದನ್ನು ಕೈಬಿಟ್ಟಿತು. ಜನರ ಬಾಯಲ್ಲಿ ಅದು ದಿವಾಳಿಯ ಅರ್ಥಕ್ಕೆ ತಿರುಗಿ ಇವತ್ತಿಗೂ ಉಳಿದಿದೆ. ಕನ್ನಡದ ಕಿವಿಗೆ ಅದರೊಳಗೆ ಪಾಪವೂ ಕೇಳಿಸುತ್ತದೆ.

ಈಗ ಪತ್ರಿಕೆಗಳಲ್ಲಿ ಬೌದ್ಧಿಕ ದಿವಾಳಿತನ, ನೈತಿಕ ದಿವಾಳಿತನ ಎಂದು ದಿನವೂ ಓದುತ್ತೇವೆ. ಎದುರು ಪಕ್ಷದವರನ್ನು ಬೈಯಲು ಇದು ಸುಲಭದ ಶಬ್ದವಾಗಿದೆ. ಸಾಲ ತೀರಿಸಲಾಗದವನು ಗುಣಗೇಡಿ ಎಂಬ ಅರ್ಥ ಅದರೊಳಗೆ ಆಗಲೇ ಕೂತಿರದಿದ್ದರೆ ಅದು ಬೈಗುಳವಾಗುತ್ತಿರಲಿಲ್ಲ. ಈ ಬಳಕೆಯನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸಾಲದ ಪತ್ರಗಳಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ. ಹಿಂದೆ ಮುಂಬೈ ಕರ್ನಾಟಕ ಎನಿಸಿದ್ದ ಈ ಭಾಗದ ಅನೇಕ ಪತ್ರಗಳು ಮೋಡಿ ಎಂಬ ಹಳೆಯ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇನ್ನೂ ಇದ್ದಾರೆ, ಹುಡುಕಿ ಓದಿಸಿ. ಒಂದರ ಹಿಂದೆ ಒಂದು ಮೂರು ಮೂರು ವರ್ಷದ ಅಂತರದಲ್ಲಿ ಪತ್ರಗಳಿವೆಯೇ, ಇಸವಿ 1865ರ ಈಚೆಗಿದೆಯೇ, 1876ರ ಆಸುಪಾಸಿಗಿದೆಯೇ ನೋಡಿ. ಮುತ್ಯಾನ ಚಟದ ಕತೆಯನ್ನು ಮಕ್ಕಳಿಗೆ ಹೇಳುವ ಮುಂಚೆ ಇಷ್ಟು ಮಾಡಿ.