ಪೊಟರೆಯಿಂದ ಪಂಜರಕ್ಕೆ

ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ನಾವು ‘ಗಿಳಿಪಾಠ’ ಎನ್ನುತ್ತೇವೆ. ಕಾಡಿನ ಗಿಳಿಗೆ ಈ ಮಾತು ಸಲ್ಲದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜೋಳ ಹಾಲುಗಾಳಾಗುವ ಹೊತ್ತಿಗೆ ಹೊಲಕ್ಕಿಳಿಯುವ ಗಿಣಿಹಿಂಡು ತನ್ನದೇ ಕೂಗಿನಲ್ಲಿ ವ್ಯವಹರಿಸುತ್ತದೆ. ಕವಣೆ ಬೀಸುವ ರೈತನಿಗೆ ಅದು ಬರೀ ಕಳ್ಳಹಕ್ಕಿ.

ಹಾಗಾದರೆ ಮಾತಾಡುವ ಗಿಳಿ ಎಲ್ಲಿಂದ ಬಂತು? ಪೊಟರೆಯಿಂದ. ಕೊರಳಪಟ್ಟಿಯ ಗಿಳಿ ಮರದ ಪೊಟರೆಯಲ್ಲೋ ಹಳೆಯ ಗೋಡೆಯ ಸಂದಿನಲ್ಲೋ ಮೊಟ್ಟೆಯಿಡುತ್ತದೆ. ಕಪ್ಪು-ಗುಲಾಬಿ ಪಟ್ಟಿ ಇರುವುದು ಗಂಡಿಗೆ ಮಾತ್ರ. ಅದಕ್ಕಿಂತ ಚಿಕ್ಕದಾದ ಕೆಂದಲೆಯ ಗಿಳಿಯಲ್ಲಿ ಗಂಡಿನ ತಲೆ ನೇರಳೆಗೆಂಪು, ಹೆಣ್ಣಿನದು ಬೂದುನೀಲಿ. ಬಣ್ಣದಲ್ಲಿ ಇದನ್ನು ಮೀರಿಸುವ ಗಿಳಿ ನಮ್ಮಲ್ಲಿಲ್ಲ ಎಂಬುದು ನನ್ನ ಪಕ್ಷಪಾತ. ಗಿಳಿಮರಿ ಸುತ್ತಲಿನವರನ್ನು ಕೇಳಿ ಕೂಗು ಕಲಿಯುತ್ತದೆ. ರೆಕ್ಕೆ ಬಲಿಯುವ ಮೊದಲೇ ಪೊಟರೆಯಿಂದ ತೆಗೆದರೆ, ಹಿಂಡಿನ ಜಾಗದಲ್ಲಿ ಅದಕ್ಕೆ ಸಿಗುವುದು ಮನೆಮಂದಿಯ ದನಿ.

ನಮ್ಮ ಕಲೆ ಹೆಚ್ಚಾಗಿ ಕಂಡದ್ದು ಇಂಥ ಸಾಕುಗಿಳಿಯನ್ನೇ. 1117ರ ಬೇಲೂರು ಚೆನ್ನಕೇಶವ ದೇವಾಲಯದ ಶುಕಭಾಷಿಣಿ ಗಿಳಿಯೊಡನೆ ಸರಸವಾಗಿ ಮಾತಾಡುತ್ತಾಳೆ. ಗಿಳಿಯ ತಾಯಿ ಯಾವ ಮರದಲ್ಲಿದ್ದಳೆಂದು ಶಿಲ್ಪಿ ಕೇಳುವುದಿಲ್ಲ. ಕೇಳಿದವನು ಬಾಣ. ಏಳನೆಯ ಶತಮಾನದ ಆ ‘ಕಾದಂಬರಿ’ಯನ್ನು ಸುಮಾರು 1000ರ ಆಸುಪಾಸಿನಲ್ಲಿ ನಾಗವರ್ಮ ಕನ್ನಡಕ್ಕೆ ತಂದ. ಅದರಲ್ಲಿ ಪಂಜರದೊಳಗೆ ರಾಜಸಭೆಗೆ ಬರುವ ಗಿಳಿ ವೈಶಂಪಾಯನ ತನ್ನ ಕಥೆಯನ್ನು ತಾನೇ ಹೇಳುತ್ತದೆ: ಮುದಿ ಬೂರುಗದ ಪೊಟರೆ, ಮರ ಹತ್ತಿದ ಬೇಡ, ಮರಿಯನ್ನು ರೆಕ್ಕೆಯಡಿ ಅವಚಿಕೊಂಡೇ ಸತ್ತ ತಂದೆ. ಬಾಣ ಆ ಮರವನ್ನು ನಿಲ್ಲಿಸಿದ್ದು ಪಂಪಾ ಸರೋವರದ ದಡದಲ್ಲಿ. ಅವನ ಲೆಕ್ಕದಲ್ಲಿ ಅದು ವಿಂಧ್ಯಾಟವಿ. ಪಂಪಾ ಎಂದರೆ ಆನೆಗೊಂದಿಯ ಕಡೆ ನೋಡುವ ಈ ಸೀಮೆಯವರಿಗೆ ಆ ಬೂರುಗ ತುಂಗಭದ್ರೆಯ ಆಚೆ ದಡದಲ್ಲೇ ನಿಂತಂತೆ ಕಾಣುತ್ತದೆ.

ಈಗ ಕರಡಿಗೆ ಗುಡೇಕೋಟೆಯ ಧಾಮವಿದೆ, ನೀರುಹಕ್ಕಿಗಳಿಗೆ ಅಂಕಸಮುದ್ರದ ಕೆರೆಯಿದೆ. ಗಿಣಿಗೆ ಬೇಕಾದದ್ದು ಪೊಟರೆ ಬಿಡುವಷ್ಟು ವಯಸ್ಸಾದ ಮರ. ಅಂಥ ಮರ ಉರುವಲಿಗೂ ರಸ್ತೆಗೂ ಮೊದಲು ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಡುಗಿಳಿಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಆದರೂ ಗಿಣಿಶಾಸ್ತ್ರದವನ ಪೆಟ್ಟಿಗೆಯಿಂದ ಹೊರಬರುವ ಹಕ್ಕಿ ಚೀಟಿ ಎತ್ತಿಕೊಟ್ಟು ತಾನಾಗಿ ಒಳಗೆ ಹೋಗುತ್ತದೆ. ಅದನ್ನು ಬುದ್ಧಿವಂತಿಕೆ ಎನ್ನುವವರು ಕತ್ತರಿಸಿದ ರೆಕ್ಕೆಯನ್ನು ನೋಡಿರುವುದಿಲ್ಲ. ಆ ಗರಿಗಳು ಉದುರಿ ಹೊಸವು ಬರುವವರೆಗೆ, ಪೆಟ್ಟಿಗೆ ತೆರೆದಿಟ್ಟರೂ ಅದು ಹಾರಲಾರದು.