ಲಾರಿಯೇರಿದ ಡೇರೆ
ಯಕ್ಷಗಾನದ ಚರಿತ್ರೆಯಲ್ಲಿ ನಾವು ಪ್ರಸಂಗ, ಅರ್ಥಗಾರಿಕೆಗಳನ್ನು ನೋಡುತ್ತೇವೆ. ಡೇರೆಯತ್ತ ನೋಡುವುದು ಕಡಿಮೆ. 20ನೇ ಶತಮಾನದ ನಡುಭಾಗದಲ್ಲಿ ಟಿಕೆಟಿನ ಮೇಳಗಳು ಬೆಳೆದಾಗ ಆಟಕ್ಕೆ ಬಟ್ಟೆಯ ಗೋಡೆ ಬಂತು. ಅದು ತಡೆದದ್ದು ಮಳೆಯನ್ನಲ್ಲ, ಟಿಕೆಟ್ ಇಲ್ಲದವರನ್ನು. ಮಳೆಗೆ ಮುಂಚೆ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ, ಮೇಳವೇ ಗೆಜ್ಜೆ ಬಿಚ್ಚುತ್ತಿತ್ತು. ಅಲ್ಲಿಯವರೆಗೆ ಬೆಳಗ್ಗೆ ಮಂಗಳ ಹಾಡಿ ಡೇರೆ ಬಿಚ್ಚಿ ಲಾರಿಗೇರಿಸಬೇಕು, ಇರುಳಾಗುವುದರೊಳಗೆ ಮುಂದಿನ ಊರಿನ ಗದ್ದೆಯಲ್ಲಿ ಕಟ್ಟಬೇಕು.

ಟಿಕೆಟ್ ಹೋಗದಿದ್ದರೆ ಲಾರಿ ಹೊರಡದು. ಬಾಯಾರು ಸಂಕಯ್ಯ ಭಾಗವತರ ತುಳು ಪ್ರಸಂಗ 1887ರಲ್ಲೇ ಬಂದಿತ್ತು. ತುಳು ಇರುಳಿಡೀ ಮೆರೆದದ್ದು ಮಾತ್ರ ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳದಂಥ ಡೇರೆಗಳಲ್ಲಿ. ಸಂಪ್ರದಾಯ ಕೆಟ್ಟಿತೆಂಬ ದೂರು ಪೂರ್ತಿ ಸುಳ್ಳಲ್ಲ. ಆದರೂ ಮನೆಮಾತನ್ನು ರಂಗಕ್ಕೆ ಎಳೆದು ತಂದವರು ಟಿಕೆಟ್ ಕೊಂಡವರು, ನಮ್ಮಂಥ ಸಂಶೋಧಕರಲ್ಲ. ಧರ್ಮಸ್ಥಳ ಮೇಳ ಈಗ ಡೇರೆ ಬಿಟ್ಟು ಹರಕೆಯಾಟಕ್ಕೆ ಮರಳಿದೆ.